ದರ್ಜಿ ಅಂಗಡಿಯ ಪಾಠ

ಎಲ್ಲದಕ್ಕೂ ಕಾರಣ ಮನೆಯ ಒಂದು ಕಿಟಕಿ. ಅದಕ್ಕೊಂದು ಪರದೆ ಹೊಲಿಯಬೇಕಿತ್ತು. ದರ್ಜಿ ಬೆಳಿಗ್ಗೆ ಬೆಳಿಗ್ಗೆಯೇ, ಗಣಿತದಲ್ಲಿ ನೂರಕ್ಕೆ ನೂರು ತಂದ ಐದನೇ ಕ್ಲಾಸಿನ ಮಗಳ ಕೈಗೆ ಟೇಪು ಕೊಟ್ಟು, "ಅಳತೆ ತಗೊಂಡು ಬಾ ಪುಟ್ಟಿ" ಎಂದ.

ಪುಟ್ಟಿ ಕಿಟಕಿಯನ್ನು ನೋಡಿದಳು, ಟೇಪನ್ನು ನೋಡಿದಳು. "ಅಪ್ಪಾ, ಉದ್ದ ಎಷ್ಟು, ಅಗಲ ಎಷ್ಟು ಅಂತ ಲೆಕ್ಕದಲ್ಲೇ ಕೊಟ್ಟಿರ್ತಾರೆ. ಇಲ್ಲಿ ಕೊಟ್ಟೇ ಇಲ್ವಲ್ಲ!"

ದರ್ಜಿ ಟೇಪು ಕಿತ್ತುಕೊಂಡ. ಇರುವವಳು ಒಬ್ಬಳೇ ಮಗಳು, ಹೀಗೇ ಬಿಟ್ಟರೆ ಅವಳ ಗತಿಯೇನು? "ಇವತ್ತಿಂದ ಸ್ಕೂಲು ಬಂದ್! ನಾನೇ ಕಲಿಸ್ತೀನಿ!" ಎಂದು ಗುಡುಗಿದ.

"ಹೂಂ, ಕಲಿಸಿ. ಡಬ್ಬಿ ಹೆಂಗೂ ತುಂಬಿದೀನಿ, ಅಂಗಡಿಗೇ ತಗೊಂಡ್ಹೋಗ್ಲಿ" ಎಂದಳು ಹೆಂಡತಿ. ಹದಿನೈದು ವರ್ಷ ಇವನೊಂದಿಗೆ ಏಗಿದವಳು. ಈ ಜ್ವರ ಸಂಜೆಗೆ ಇಳಿಯುತ್ತದೆಂದು ಅವಳಿಗೆ ಗೊತ್ತಿತ್ತು.

ಅಂಗಡಿಯಲ್ಲಿ ಮೊದಲ ಒಂದು ಗಂಟೆ ಸ್ವರ್ಗವೇ. ಪಕ್ಕದಂಗಡಿಯ ಕ್ಷೌರಿಕನನ್ನು ಕರೆದು ನಿಲ್ಲಿಸಿ ಪುಟ್ಟಿ ಅವನ ತೋಳು ಅಳೆದಳು. "ಅಪ್ಪಾ! ಈ ಮಾಮನ ಬಲಗೈ ಎಡಗೈಗಿಂತ ಅರ್ಧ ಇಂಚು ಉದ್ದ!" ಎಂದು ಕುಣಿದಾಡಿದಳು. ಮಾರ್ಕ್ಸ್ ಕಾರ್ಡು ಬಂದ ದಿನವೂ ಅವಳ ಮುಖ ಹೀಗೆ ಅರಳಿರಲಿಲ್ಲ. ದರ್ಜಿಗೆ ಕಣ್ಣು ತುಂಬಿ ಬಂತು.

"ಅಯ್ಯೋ, ಇಷ್ಟು ವರ್ಷ ನಂಗೇ ಗೊತ್ತಿರ್ಲಿಲ್ಲ! ಅಣ್ಣಾ, ನಮ್ಮವೆರಡೂ ಇಲ್ಲೇ ಕಲೀಲಿ. ಸ್ಕೂಲಲ್ಲಿ ಏನಿದೆ, ಮಣ್ಣು!" ಎಂದ ಕ್ಷೌರಿಕ, ಬ್ಯಾಗು ಹೊತ್ತು ಹೊರಟಿದ್ದ ತನ್ನಿಬ್ಬರು ಮಕ್ಕಳನ್ನೂ ಎಳೆದು ತಂದ. ಅಷ್ಟಕ್ಕೇ ನಿಂತನೇ? ಗಿರಾಕಿಗಳ ಗಲ್ಲಕ್ಕೆ ನೊರೆ ಹಚ್ಚುತ್ತ ಹಚ್ಚುತ್ತಲೇ ಬೀದಿಗೆಲ್ಲ ಸುದ್ದಿ ಮುಟ್ಟಿಸಿದ. ಔಷಧಿ ಅಂಗಡಿಯ ಅಕ್ಕ ತನ್ನ ಅವಳಿಗಳನ್ನು ತಂದು ಕೂರಿಸಿ, "ಸ್ವಲ್ಪ ತುಂಟರು, ನೋಡ್ಕೊಳ್ಳಿ" ಎಂದು ಹಿಂದೆ ನೋಡದೆ ಹೋದಳು. ದರ್ಜಿ ಬೇಡವೆಂದರೆ ಕೇಳುವವರು ಯಾರು? ಮಧ್ಯಾಹ್ನದ ಹೊತ್ತಿಗೆ ಪುಟ್ಟಿಯೂ ಸೇರಿ ಹನ್ನೊಂದು ಮಕ್ಕಳಾದರು.

ಅಂಗಡಿ ಸಂತೆಯಾಯಿತು. ಒಬ್ಬ ಗುಂಡಿಗಳನ್ನೆಲ್ಲ ಗೋಲಿ ಮಾಡಿಕೊಂಡು ಆಡಿದ. ಒಬ್ಬಳು ಮಿಷಿನ್ನಿನ ಚಕ್ರಕ್ಕೆ ಜಡೆ ಸಿಕ್ಕಿಸಿಕೊಂಡು ಚೀರಿದಳು. ಗಿರಾಕಿಗೆ ಸಂಜೆ ಕೊಡಬೇಕಿದ್ದ ಕೋಟಿನ ಒಂದು ತೋಳನ್ನು ಅವಳಿಗಳು ಮೊಣಕೈವರೆಗೆ ಕತ್ತರಿಸಿ, "ಈಗ ಎರಡೂ ಒಂದೇ ಸಮ ಮಾಡ್ಲಾ ಅಂಕಲ್?" ಎಂದು ಕೇಳಿದರು.

ದರ್ಜಿಯ ತಾಳ್ಮೆ ಹರಿಯಿತು. "ಸಾಲಾಗಿ ಕೂತ್ಕೊಳ್ಳಿ! ಬಾಯ್ಮೇಲೆ ಬೆರಳು! 'ಕತ್ತರಿ ಮುಟ್ಟುವುದಿಲ್ಲ' ಅಂತ ಎಲ್ರೂ ನೂರು ಸಲ ಬರೀರಿ!"

"ಅಪ್ಪಾ, ಹೊಸ ತೋಳಿಗೆ ಬಟ್ಟೆ ಎಷ್ಟು ಬೇಕು, ನಾನು ಅಳೀಲಾ?" ಪುಟ್ಟಿ ಟೇಪು ಹಿಡಿದು ಎದ್ದಳು.

"ಪ್ರಶ್ನೆ ಕೇಳ್ಬೇಡ! ಕೂತ್ಕೊಂಡು ಬರಿ! ಬರೆದಾದ್ಮೇಲೆ ಕೈ ಕಟ್ಟು!"

ಸಂಜೆ ಬಾಗಿಲಲ್ಲಿ ಸ್ಕೂಲಿನ ಹೆಡ್‌ಮಿಸ್ ಕಾಣಿಸಿಕೊಂಡರು. ದರ್ಜಿಗೆ ಹೋದ ಜೀವ ಬಂದಂತಾಯಿತು. "ತಪ್ಪಾಯ್ತು ಮೇಡಂ. ಇವರನ್ನೆಲ್ಲ ವಾಪಸ್ ಕರ್ಕೊಂಡ್ಹೋಗಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಹನ್ನೊಂದು ಮಕ್ಕಳು ಗೈರು. ಜಗಳ ಆಡೋಣ ಅಂತಾನೇ ಬಂದೆ" ಎಂದರು ಹೆಡ್‌ಮಿಸ್. "ಆದ್ರೆ ಕಾಲು ಗಂಟೆಯಿಂದ ನಿಂತು ನೋಡ್ತಿದೀನಿ, ಒಂದು ಪಿಟ್ ಅನ್ನೋ ಸದ್ದಿಲ್ಲ! ಇಂಥ ಶಿಸ್ತು ತರೋಕೆ ನಮ್ಮಲ್ಲಿ ಯಾರಿಗೂ ಆಗಿಲ್ಲ. ಐದನೇ ಕ್ಲಾಸಿಗೆ ಮೇಷ್ಟ್ರು ಬೇಕಾಗಿದಾರೆ. ನಾಳೆಯಿಂದ ನೀವೇ ಬಂದ್ಬಿಡಿ."

"ಅಯ್ಯಯ್ಯೋ, ನಾನು ಮೇಷ್ಟ್ರಲ್ಲ ಮೇಡಂ! ಇವಳ ಅಪ್ಪ, ಅಷ್ಟೇ. ಹೇಳೇ ಪುಟ್ಟಿ!"

ಪುಟ್ಟಿ ಎದ್ದು ನಿಂತಳು. ಕಟ್ಟಿದ ಕೈ ಬಿಚ್ಚಲಿಲ್ಲ.

"ನೂರು ಸಲ ಬರೆದಾಯ್ತು ಸಾರ್. ಮನೆಗೆ ಹೋಗ್ಲಾ?"