ಪೂರ್ವ ಬಾಗಿಲಿನ ಹಡಗು

ಬಾಬುರಾಯನಕೊಪ್ಪಲಿನ ಮದುವೆ ಊಟದಲ್ಲಿ ದೇವರಾಜು ಆ ಒಂದು ಮಾತು ಆಡದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಎದುರು ಪಂಕ್ತಿಯಲ್ಲಿ ಕೂತಿದ್ದ ಹೆಂಡತಿ ಕಡೆಯವರು, ಮುಂದಿನ ಜನವರಿಗೆ ನಿಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ, ಏನು ವಿಶೇಷ ಎಂದು ಕೇಳಿದರು. ಎಲೆಗೆ ಎರಡನೇ ಸಲ ಪಾಯಸ ಬಿದ್ದಿತ್ತು, ಮನಸ್ಸು ಉದಾರವಾಗಿತ್ತು.

"ನಿಂಗಮ್ಮನ್ನ ಹಡಗಲ್ಲಿ ಕರ್ಕಂಡೋಯ್ತೀನಿ. ಸಮುದ್ರದ ಮೇಲೆ ಮೂರು ದಿನ" ಎಂದುಬಿಟ್ಟ.

ಎಲ್ಲರೂ ತಲೆದೂಗಿದರು. ದೇವರಾಜು ಕೆ.ಆರ್.ಎಸ್. ಅಣೆಕಟ್ಟೆಯಲ್ಲಿ ಗೇಟು ಎತ್ತಿ ಇಳಿಸುವ ನೌಕರ, ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ಇಂಥವನಿಗೆ ನೀರು ಯಾವ ಲೆಕ್ಕ ಎಂದು ನೆಂಟರು ಮೆಚ್ಚಿಕೊಂಡರು. ಆದರೆ ಪಾಪ, ಅವನಿಗೆ ನೀರೆಂದರೆ ಭಯ. ಹುಡುಗನಾಗಿದ್ದಾಗ ಪಾಂಡವಪುರದ ಹತ್ತಿರ ನಾಲೆಗೆ ಬಿದ್ದು, ಎಮ್ಮೆಯ ಬಾಲ ಹಿಡಿದು ದಡ ಸೇರಿದ್ದ. ಆ ಸಂಗತಿ ಅವನಿಗೂ ಎಮ್ಮೆಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಗೇಟಿನ ಮೇಲೆ ನಿಂತಾಗಲೂ ಅವನ ಕಣ್ಣು ಮೀಟರಿನ ಮುಳ್ಳಿನ ಮೇಲೆ ಇರುತ್ತಿತ್ತೇ ಹೊರತು ಕೆಳಗಿನ ನೀರಿನ ಕಡೆ ಹೊರಳುತ್ತಿರಲಿಲ್ಲ.

ಜನವರಿಗೆ ಇನ್ನೂ ಹನ್ನೊಂದು ತಿಂಗಳಿದೆ, ಅಷ್ಟರಲ್ಲಿ ಜನ ಮರೆಯುತ್ತಾರೆ ಎಂದು ಅವನು ಧೈರ್ಯವಾಗಿದ್ದ. ಮರೆಯದವನು ನಿಂಗಮ್ಮನ ತಮ್ಮ ಪ್ರಸಾದ್. ಕೆ.ಆರ್.ಪೇಟೆಯಲ್ಲಿ ಹಾಲಿನ ಡೇರಿ ನೋಡಿಕೊಳ್ಳುವ ಅವನು ಹಸು ಕರು ಹಾಕುವ ದಿನವನ್ನೂ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಮನುಷ್ಯ. ಹಡಗಿನಲ್ಲಿ ಒಳ್ಳೆಯ ಕ್ಯಾಬಿನ್ ಬೇಕಾದರೆ ವರ್ಷದ ಮುಂಚೆಯೇ ಹಿಡಿಯಬೇಕು ಬಾವ ಎಂದು ಒಂದೇ ವಾರದಲ್ಲಿ ಎರಡು ಸಲ ಫೋನು ಮಾಡಿದ. ನಿಂಗಮ್ಮ ಮಾತ್ರ ಏನೂ ಹೇಳಲಿಲ್ಲ. ಅವಳು ದೇವಲಾಪುರದ ಕಡೆಯವಳು, ಮಳೆ ನೆಚ್ಚಿದ ಹೊಲಗಳ ನಡುವೆ ಬೆಳೆದವಳು. ಅವಳ ಮೌನವನ್ನು ಎಲ್ಲರೂ ಆಸೆ ಎಂದೇ ತಿಳಿದರು, ಗಂಡನೂ ಹಾಗೇ ತಿಳಿದ.

ನನಗೆ ಭಯ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ಇಲಾಖೆಯ ಮಾನ, ಹೆಂಡತಿಯ ತವರಿನಲ್ಲಿರುವ ಮಾನ ಎರಡೂ ಒಟ್ಟಿಗೆ ಮುಳುಗುತ್ತಿದ್ದವು. ಅದಕ್ಕೆ ಅವನು ಬೇರೆ ದಾರಿ ಹುಡುಕಿದ. ಹೋಗುವುದು, ವಿಚಾರಿಸುವುದು, ಕ್ಯಾಬಿನ್ ಸಿಗಲಿಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ಬರುವುದು.

ಶನಿವಾರ ಬೆಳಿಗ್ಗೆ ಒಬ್ಬನೇ ಶ್ರೀರಂಗಪಟ್ಟಣದ ಬಸ್ಸು ಹತ್ತಬೇಕೆಂದಿದ್ದ. ಪಕ್ಕದ ಕ್ವಾರ್ಟರ್ಸಿನ ನಂಜಪ್ಪ ಇಸ್ತ್ರಿ ಅಂಗಿ ತೊಟ್ಟು ಬಸ್ ಸ್ಟಾಪಿನಲ್ಲಿ ಆಗಲೇ ನಿಂತಿದ್ದ. ಯಾರ ಮನೆಯ ಕೆಲಸವಾದರೂ ತನ್ನದೇ ಎಂದು ನಂಬಿದ್ದ ನಂಜಪ್ಪನಿಗೆ ಕರೆಯೋಲೆ ಬೇಕಿರಲಿಲ್ಲ. ಶ್ರೀರಂಗಪಟ್ಟಣ ತಲುಪುವಷ್ಟರಲ್ಲಿ ಬಸ್ಸಿನ ಅರ್ಧ ಜನಕ್ಕೆ ಹಡಗಿನ ವಿಷಯ ತಿಳಿದಿತ್ತು.

ಬಸ್ ನಿಲ್ದಾಣದ ಎದುರು ತಿರುಪತಿ ಟಿಕೆಟ್ಟು, ಜೆರಾಕ್ಸು, ಪ್ಯಾನ್ ಕಾರ್ಡು ಎಲ್ಲವನ್ನೂ ಮಾಡಿಕೊಡುವ ಅಶೋಕನ ಅಂಗಡಿ. ಅವನು ಕಂಪ್ಯೂಟರಿನಲ್ಲಿ ಹಡಗಿನ ನಕ್ಷೆ ತೆಗೆದ. ಒಂದೊಂದು ಅಂತಸ್ತಿನಲ್ಲೂ ನೂರಾರು ಪುಟ್ಟ ಚೌಕಗಳು, ಎಲ್ಲವೂ ನಾಟಿ ಮಾಡಿದ ಗದ್ದೆಯಂತೆ ಹಚ್ಚಹಸಿರು.

"ಹಸಿರು ಅಂದ್ರೆ ಖಾಲಿ ಅಣ್ಣ. ಕೆಂಪಾದ್ರೆ ಹೋಯ್ತು ಅಂತ" ಎಂದ ಅಶೋಕ. "ಇಷ್ಟು ಮುಂಚೆ ಬಂದೋರ್ಗೆ ಎಲ್ಲಾನೂ ಸಿಕ್ತದೆ. ದಸರಾ ದಾಟಿದ್ಮೇಲೆ ಬಂದಿದ್ರೆ ಬೇರೆಯೋರು ಬುಟ್ಟಿದ್ದನ್ನ ತಕಬೇಕಾಗಿತ್ತು. ಕೊನೇ ತಿಂಗಳಲ್ಲಿ ಬಂದಿದ್ರೆ ಅದೂ ಇಲ್ಲ."

ದೇವರಾಜುವಿಗೆ ತಾನು ಮಾಡಿದ ತಪ್ಪು ಆಗ ಹೊಳೆಯಿತು. ಕ್ಯಾಬಿನ್ ಸಿಗಬಾರದು ಎನ್ನುವವನು ಡಿಸೆಂಬರಿನಲ್ಲಿ ಬರಬೇಕಿತ್ತು. ಆದರೂ ಸೋಲೊಪ್ಪದೆ ಗತ್ತಿನಿಂದ ಒಂದೊಂದೇ ಷರತ್ತು ಹಾಕತೊಡಗಿದ. ಕಿಟಕಿ ಇರಬೇಕು ಎಂದ, ಕಿಟಕಿ ಇರುವ ಕ್ಯಾಬಿನ್ನುಗಳು ಬೇಕಾದಷ್ಟಿದ್ದವು. ಹಡಗಿನ ನಡುಮಧ್ಯ ಇರಬೇಕು, ಓಲಾಡಬಾರದು ಎಂದ. ಅಲ್ಲೂ ಖಾಲಿ. ಲಿಫ್ಟಿನ ಸದ್ದು ಕೇಳಬಾರದು ಎಂದ. ಒಳ್ಳೆಯ ತಿಳಿವಳಿಕೆ ಇದೆ ಅಣ್ಣ ನಿಮಗೆ ಎಂದು ಅಶೋಕ ಮೆಚ್ಚಿ, ಇನ್ನೊಂದು ಹಸಿರು ಸಾಲು ತೋರಿಸಿದ.

ಅಷ್ಟರಲ್ಲಿ ಪ್ರಸಾದನ ಫೋನು ನಂಜಪ್ಪನಿಗೆ ಬಂತು. ಬಾವ ಫೋನು ಎತ್ತುತ್ತಿಲ್ಲ, ಏನಾಯಿತು ಎಂದು ಕೇಳಿದ. ನಂಜಪ್ಪ ಅಂಗಡಿಯ ಬಾಗಿಲಲ್ಲೇ ನಿಂತು ಕ್ರಿಕೆಟ್ ಕಾಮೆಂಟರಿಯಂತೆ ಎಲ್ಲವನ್ನೂ ಒಪ್ಪಿಸಿದ. ಫೋನು ಇಟ್ಟವನಿಗೆ ಒಂದು ಯೋಚನೆ ಬಂತು. ಮನೆಗಾದರೆ ವಾಸ್ತು ನೋಡುತ್ತೇವೆ, ಮೂರು ದಿನ ಬಾಳ್ವೆ ಮಾಡುವ ಕ್ಯಾಬಿನ್ನಿಗೆ ಬೇಡವೇ?

ಅಶೋಕನ ಪಕ್ಕದಲ್ಲೇ ಶಿವಶಂಕರಾಚಾರಿಯ ಮರಗೆಲಸದ ಅಂಗಡಿ. ಸುತ್ತಲ ಹಳ್ಳಿಗಳ ತಲೆಬಾಗಿಲುಗಳನ್ನೆಲ್ಲ ಕೆತ್ತಿದ ಕೈ, ಯಾವ ಮನೆಯ ಬಾಗಿಲು ಯಾವ ದಿಕ್ಕಿಗೆ ಎಂಬುದರಲ್ಲಿ ಅವರದೇ ಕೊನೆಯ ಮಾತು. ನಂಜಪ್ಪ ಅವರನ್ನು ಉಳಿ ಸಮೇತ ಕರೆತಂದ. ಆಚಾರ್ರು ಕನ್ನಡಕ ಏರಿಸಿ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಹಡಗು ಯಾವ ಕಡೆ ಹೋಗುತ್ತದೆ ಎಂದು ಕೇಳಿದರು.

ಮುಂಬೈಯಿಂದ ಕೊಚ್ಚಿಗೆ, ವಾಪಸು ರೈಲು ಎಂದ ಅಶೋಕ.

"ಅಂಗಾದ್ರೆ ಮುಖ ದಕ್ಷಿಣಕ್ಕೆ. ಬಲಗಡೆ ಸಾಲಿನ ಬಾಗ್ಲು ಒಳಗ್ಲ ಓಣಿಗೆ ತೆಗೀತದೆ, ಅಂದ್ರೆ ಪೂರ್ವ. ಈ ದಂಪತಿಗೆ ಪೂರ್ವ ಬಾಗ್ಲೇ ಆಗ್ಬೇಕು" ಎಂದು ಆಚಾರ್ರು ತೀರ್ಪು ಕೊಟ್ಟರು. ಆಮೇಲೆ ದೇವರಾಜು, ನಿಂಗಮ್ಮ ಇಬ್ಬರ ನಕ್ಷತ್ರ ಕೇಳಿ, ಕ್ಯಾಬಿನ್ ನಂಬರನ್ನು ಕೂಡಿದರೆ ಐದು ಬರಬೇಕು ಎಂದರು. ಹಡಗಿನ ನಡುಮಧ್ಯದ ಬಲಸಾಲಿನಲ್ಲಿ ಅಂಥದ್ದು ಒಂದೇ ಒಂದಿತ್ತು: ಐದು ಎರಡು ಒಂದು ಆರು, ಕೂಡಿದರೆ ಹದಿನಾಲ್ಕು, ಮತ್ತೆ ಕೂಡಿದರೆ ಐದು. ಅದೂ ಹಸಿರಾಗಿತ್ತು.

ಇನ್ನು ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ದೇವರಾಜು ತನ್ನ ಆಧಾರ್ ಕಾರ್ಡನ್ನು ಮೇಜಿನ ಮೇಲಿಟ್ಟ. ಹೆಂಡತಿಯ ಆಧಾರಿನ ಫೋಟೋ ಬೇಕೆಂದು ಅಶೋಕ ಹೇಳಿದಾಗ ನಿಂಗಮ್ಮನಿಗೆ ಫೋನು ಮಾಡಿದ. ಹತ್ತು ನಿಮಿಷದ ಮೇಲೆ ಆಧಾರಿನ ಹಿಂಬದಿ ಬಂತು. ಮುಂಬದಿ ಕೇಳಿದರೆ ರೇಷನ್ ಕಾರ್ಡು ಬಂತು. ಮತ್ತೆ ಕೇಳಿದರೆ ಗ್ಯಾಸ್ ಪುಸ್ತಕ ಬಂತು. ಎಂದೂ ಇಷ್ಟು ಎಡವದ ಹೆಂಗಸು, ಸಂಭ್ರಮಕ್ಕೆ ಕೈ ಓಡುತ್ತಿಲ್ಲ ಎಂದುಕೊಂಡು ದೇವರಾಜು ಇನ್ನಷ್ಟು ಕುಗ್ಗಿದ. ಎಲ್ಲರೂ ಟೀ ಕುಡಿದರು. ನಂಜಪ್ಪ ಹೊರಗೆ ಹೋಗಿ ಪ್ರಸಾದನಿಗೆ ಮುಂದಿನ ವರದಿ ಕೊಟ್ಟು ಬಂದ.

ಕೊನೆಗೂ ಸರಿಯಾದ ಫೋಟೋ ಬಂತು. ಅಶೋಕ ಮೌಸ್ ಒತ್ತಿದ, ಮತ್ತೊಮ್ಮೆ ಒತ್ತಿದ, ತಲೆ ಕೆರೆದುಕೊಂಡ. ಹಸಿರು ಗದ್ದೆಯ ನಡುವೆ ಒಂದೇ ಒಂದು ಚೌಕ ಕೆಂಪಾಗಿತ್ತು.

"ಯಾರೋ ಈಗ್ತಾನೆ ತಕಬುಟ್ರು ಅಣ್ಣ. ಪಕ್ಕದ್ದು ಕೊಡ್ಲಾ?"

ದೇವರಾಜುವಿನ ಎದೆಯ ಮೇಲಿದ್ದ ಹೆಬ್ಬಂಡೆ ಉರುಳಿಹೋಯಿತು. ಹುಟ್ಟಿದಾಗಿನಿಂದ ವಾಸ್ತು ನಂಬದವನು ಆ ಕ್ಷಣ ಅದರ ಪರಮಭಕ್ತನಾದ. ಆಚಾರ್ರು ಹೇಳಿದ ಮೇಲೆ ಬೇರೆ ನಂಬರು ಹೇಗೆ ತಗೊಳ್ಳುವುದು, ಮದುವೆಯಾದ ಹೆಂಗಸಿನ ಕ್ಷೇಮದ ವಿಷಯ ಎಂದು ತಲೆಯಾಡಿಸಿದ. ಆಚಾರ್ರೂ ಒಪ್ಪಿದರು. ಅದೊಂದು ಸಿಕ್ಕಿದ್ದರೆ ಈಗಲೇ ಸಹಿ ಹಾಕುತ್ತಿದ್ದೆ ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿ, ಎಲ್ಲರಿಗೂ ಇನ್ನೊಂದು ಸುತ್ತು ಟೀ ಹೇಳಿದ. ನಂಜಪ್ಪ ಸಂತೆಯಲ್ಲಿ ಏನೋ ಕೆಲಸವಿದೆ ಎಂದು ಅಲ್ಲೇ ಉಳಿದ. ವಾಪಸು ಬಸ್ಸಿನಲ್ಲಿ ಕಾವೇರಿ ಸೇತುವೆ ಬಂದಾಗ ದೇವರಾಜು ಕಿಟಕಿಯಿಂದ ಇಣುಕಿ ನೀರನ್ನೂ ನೋಡಿದ. ಅಷ್ಟು ಹಗುರವಾಗಿತ್ತು ಜೀವ.

ಮನೆಯಲ್ಲಿ ನಿಂಗಮ್ಮ ಹೊಸ್ತಿಲಲ್ಲೇ ಕಾಯುತ್ತಿದ್ದಳು. ಮುಖ ಸಣ್ಣ ಮಾಡಿಕೊಂಡು, ತಂದ ಮಲ್ಲಿಗೆ ಹೂವನ್ನು ಅವಳ ಕೈಗಿಟ್ಟು, ಕ್ಯಾಬಿನ್ ಸಿಗಲಿಲ್ಲ ಎಂದ. ಅವಳು ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿ ಕಣ್ಣೊರೆಸಿಕೊಂಡಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳ ಒಂದು ಆಸೆಯನ್ನು ಇಂಥ ನಾಟಕದಿಂದ ಮುಗಿಸಿದೆನಲ್ಲ ಎಂದು ದೇವರಾಜುವಿಗೆ ನಾಚಿಕೆಯಾಯಿತು.

"ನಿಂಗೀ, ಸುಳ್ಳು ಹೇಳಾಕಿಲ್ಲ. ನಂಗೆ ನೀರಂದ್ರೆ ಪ್ರಾಣಭಯ ಕಣೆ. ಸಿಕ್ಕದೇ ಇದ್ದದ್ದೇ ಒಳ್ಳೇದಾಯ್ತು ಅಂತ ಬಂದೆ."

ನಿಂಗಮ್ಮ ತಿರುಗಿ ನೋಡಿದಳು.

"ಅಯ್ಯೋ, ನಂಗೂ ಅಷ್ಟೇ ಕಣ್ರೀ. ನೀವು ಡ್ಯಾಮಿನೋರು, ನಿಮ್ಗೆ ಆಸೆ ಐತೆ ಅಂತ ಬಾಯ್ಬುಡ್ಲಿಲ್ಲ. 'ತಾಯಿ, ನಮ್ಮ ಯಜಮಾನ್ರು ಕೇಳ್ದಾಗ ಆ ಹಡಗಲ್ಲಿ ರೂಮು ಸಿಕ್ಬಾರ್ದು' ಅಂತ ನಿಮಿಷಾಂಬ ದೇವ್ರಿಗೆ ಹರಕೆ ಹೊತ್ಕಂಡಿದ್ದೆ. ಆ ಗ್ಯಾಸ್ ಪುಸ್ತಕ ಸುಮ್ಸುಮ್ನೆ ಕಳಿಸ್ದೆ ಅನ್ಕಂಡ್ರಾ?"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಮ್ಮೆಯ ಬಾಲದ ಕತೆಯನ್ನು ಅವನು ಅವತ್ತೇ ಮೊದಲ ಸಲ ಹೇಳಿದ. ಅವಳು ಬಿಸಿ ಮುದ್ದೆ, ಉಪ್ಸಾರು ಬಡಿಸಿದಳು. ಮದುವೆಯಾದಾಗಿನಿಂದ ಇಷ್ಟು ನೆಮ್ಮದಿಯ ಊಟ ಮಾಡಿದ್ದು ಇಬ್ಬರಿಗೂ ನೆನಪಿರಲಿಲ್ಲ.

ಸಂಜೆ ಐದರ ಹೊತ್ತಿಗೆ ಬಾಗಿಲಲ್ಲಿ ಬೈಕು ನಿಂತಿತು. ಪ್ರಸಾದ್ ಬಂದಿದ್ದ, ಹಿಂದೆ ನಂಜಪ್ಪ ಕೂತಿದ್ದ. ಪ್ರಸಾದನ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಸೀರೆ, ಪಂಚೆ, ಹಣ್ಣು, ಅವುಗಳ ಮೇಲೆ ಅರಿಶಿನ ಕುಂಕುಮ ಹಚ್ಚಿದ ಒಂದು ಕಾಗದ.

"ಬಾವ, ನಿಮ್ಗೆ ಗೊತ್ತಾಗ್ಬಾರ್ದು ಅಂತ ನಾನೇ ನಮ್ಮೂರಲ್ಲಿ ಬುಕ್ ಮಾಡ್ಸಿಬುಟ್ಟೆ. ಐದು ಎರಡು ಒಂದು ಆರು. ಅಕ್ಕನ ಆಧಾರ್ ಜೆರಾಕ್ಸು ಡೇರಿ ಕೆಲಸಕ್ಕೆ ಕೊಟ್ಟಿದ್ದು ನನ್ನತ್ರನೇ ಇತ್ತು, ನಿಮ್ದು ನಂಜಪ್ಪಣ್ಣ ಫೋಟೋ ತೆಗ್ದು ಕಳಿಸ್ದ್ರು. ಮುಂಚೆ ಮಾಡ್ಸಿದ್ಕೆ ರೇಟು ಕಮ್ಮಿ, ಆದ್ರೆ ವಾಪಸ್ ಮಾಡಂಗಿಲ್ಲ. ತವರಿನ ಉಡುಗೊರೆ, ಬೇಡ ಅನ್ಬೇಡಿ."

ಯಾರೂ ಬೇಡ ಎನ್ನಲಿಲ್ಲ. ಅರಿಶಿನ ಕುಂಕುಮ ಹಚ್ಚಿ ತವರಿನಿಂದ ಬಂದ ತಟ್ಟೆಯನ್ನು ಹಿಂದಕ್ಕೆ ಕಳಿಸಿದ ಹೆಣ್ಣುಮಗಳು ಆ ಸೀಮೆಯಲ್ಲೇ ಇಲ್ಲ. ನಿಂಗಮ್ಮ ಸೆರಗೊಡ್ಡಿ ತೆಗೆದುಕೊಂಡು ದೇವರ ಮುಂದೆ ಇಟ್ಟಳು. ಮಧ್ಯಾಹ್ನ ಹಚ್ಚಿದ್ದ ದೀಪ ಇನ್ನೂ ಉರಿಯುತ್ತಿತ್ತು. ಯಜಮಾನರು ಕೇಳಿದಾಗ ಸಿಗಬಾರದು ಎಂದು ತಾನೇ ಬೇಡಿಕೊಂಡದ್ದು ಅವಳಿಗೆ ನೆನಪಾಯಿತು. ತಾಯಿ ಒಂದಕ್ಷರ ತಪ್ಪದೆ ನಡೆಸಿಕೊಟ್ಟಿದ್ದಳು, ಹರಕೆಯನ್ನೂ ತೀರಿಸಲೇಬೇಕಿತ್ತು.

ಪ್ರಸಾದ್ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅವಳು ಗಂಡನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಈಗೇನ್ರೀ ಮಾಡಾದು?"

ದೇವರಾಜು ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ ಕೂತಿದ್ದ.

"ಮುಂಚೆ ಬುಕ್ ಮಾಡ್ಸಿದ್ದು ಒಳ್ಳೇದೇ ಆಯ್ತು ಬುಡು" ಎಂದ. "ಎದ್ರುಕಳಾಕೆ ಇನ್ನೂ ಹನ್ನೊಂದು ತಿಂಗಳು ಟೈಮ್ ಐತೆ."