ನಾಲ್ಕು ದಿಕ್ಕಿನ ಮನೆ

ಸೂಟ್‌ಕೇಸನ ಹೊಟ್ಟೆಯುರಿಗೆ ಮೂಲ ಒಂದು ಬನಿಯನ್.

ಅದು ಒಣಗುತ್ತಿದ್ದುದು ಜಂಕ್ಷನ್ ಸ್ಟೇಷನ್ನಿನ ಎದುರು ಕಟ್ಟಡದ ಮೂರನೇ ಮಹಡಿಯ ಬಾಲ್ಕನಿಯಲ್ಲಿ. ಎರಡು ಕ್ಲಿಪ್ಪು ಹಾಕಿಸಿಕೊಂಡು, ಎಳೆಬಿಸಿಲಿಗೆ ಮೈಯೊಡ್ಡಿಕೊಂಡು, ಯಾವ ಅವಸರವೂ ಇಲ್ಲದೆ. ಎರಡನೇ ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಮುಂದಿನ ರೈಲಿಗಾಗಿ ಎರಡು ಗಂಟೆ ಕಾಯುವ ಸೂಟ್‌ಕೇಸನಿಗೆ ಅದನ್ನು ನೋಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಅವನ ಬನಿಯನ್‌ಗಳೋ, ಊರೂರಿನ ಲಾಡ್ಜುಗಳ ಫ್ಯಾನಿಗೆ ಜೋತುಬಿದ್ದು, ಅರ್ಧ ಒದ್ದೆ ಇರುವಾಗಲೇ ಮೈಗೇರಿದಂಥವು. ಬಾಲ್ಕನಿಯ ಬನಿಯನ್ ಸಹೋದ್ಯೋಗಿಯದು ಎಂಬುದು ಗೊತ್ತಿದ್ದುದರಿಂದ ಉರಿ ಇನ್ನಷ್ಟು ಜಾಸ್ತಿ.

ಇಬ್ಬರದೂ ಒಂದೇ ಕಂಪನಿ. ತೂಕದ ಯಂತ್ರ ತಯಾರಿಸುವ ಆ ಕಂಪನಿಯಲ್ಲಿ ಊರೂರು ತಿರುಗಿ ಮಾರುವವರು ಅವರಿಬ್ಬರೇ. ಮಾದರಿ ಯಂತ್ರವನ್ನು ಸೂಟ್‌ಕೇಸಿನಲ್ಲಿ ಹೊತ್ತು ತಿರುಗಿ ಒಂದು ಭುಜ ಇಳಿದುಹೋಗಿದ್ದವನಿಗೆ ಆಫೀಸಿನವರು ಸೂಟ್‌ಕೇಸ್ ಎಂದೇ ಹೆಸರಿಟ್ಟರು. ಇನ್ನೊಬ್ಬನ ಮನೆ ಜಂಕ್ಷನ್ ಊರಿನಲ್ಲಿದ್ದುದರಿಂದ ಅವನು ಜಂಕ್ಷನ್. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಕಂಪನಿಯ ಆಫೀಸು ಇದ್ದುದು ರೈಲು ಹಳಿ ಮುಗಿದುಹೋಗುವ ಊರಿನಲ್ಲಿ. ಯಜಮಾನರು ಅಲ್ಲಿ ಹುಟ್ಟಿದರು ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣವಿಲ್ಲ. ಸೂಟ್‌ಕೇಸನ ಸಂಸಾರವೂ ಅಲ್ಲೇ. ಹೀಗಾಗಿ ಅವನು ಎಲ್ಲಿಗೇ ಹೋಗಬೇಕಾದರೂ ಮೊದಲು ಐದು ಗಂಟೆ ಗಡಗಡಿಸಿಕೊಂಡು ಜಂಕ್ಷನ್ ತಲುಪಬೇಕು; ಅಲ್ಲಿಂದ ಉತ್ತರಕ್ಕೋ ಪೂರ್ವಕ್ಕೋ ಹೊರಡಬೇಕು. ಜಂಕ್ಷನ್ನನ ಪಾಲಿನದು ದಕ್ಷಿಣ, ಪಶ್ಚಿಮ. ಅವನು ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುತ್ತಿದ್ದ. ಸೇರಿದ್ದು ಸಾಲದೆಂದು, ಮಗನ ಜೊತೆ ಕೇರಂ ಆಡುವ ಫೋಟೋ ತೆಗೆದು ಆಫೀಸಿನ ಗ್ರೂಪಿಗೆ ಹಾಕುತ್ತಿದ್ದ.

ಆ ಮಂಗಳವಾರ ಒಂಬತ್ತು ದಿನದ ಪ್ರವಾಸ ಮುಗಿಸಿ ಸೂಟ್‌ಕೇಸ್ ಮನೆಯ ಬಾಗಿಲು ತಟ್ಟಿದ. ಬಾಗಿಲು ತೆಗೆದವಳು ಮೂರು ವರ್ಷದ ಮಗಳು. ಅಡಿಯಿಂದ ಮುಡಿಯವರೆಗೂ ಒಮ್ಮೆ ನೋಡಿ ಒಳಗೆ ತಿರುಗಿ ಕೂಗಿದಳು.

"ಅಮ್ಮಾ, ಆ ಅಂಕಲ್ ಮತ್ತೆ ಬಂದಿದಾರೆ!"

'ಅಂಕಲ್' ಎಂಬುದನ್ನು ಸೂಟ್‌ಕೇಸ್ ಹೇಗೋ ನುಂಗಿಕೊಂಡ. ಆ 'ಮತ್ತೆ' ಎಂಬ ಮಾತಂತೂ ನೇರ ಎದೆಗೇ ನಾಟಿತು. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು, ಆಫೀಸಿನಿಂದ ಬಂದ ಕಾಗದವನ್ನು ಅವನ ಮುಂದೆ ಹಿಡಿದಳು. ಪ್ರವಾಸದ ನೌಕರರು ತಮಗೆ ಅನುಕೂಲವಾದ ಊರು ಆರಿಸಿಕೊಂಡು ನೆಲೆಸಬಹುದು, ಮನೆಯನ್ನು ಕಂಪನಿಯೇ ಕೊಡುತ್ತದೆ, ಒಂದು ಊರಿಗೆ ಒಬ್ಬನೇ. ಇಬ್ಬರೂ ಒಂದೇ ಊರು ಕೇಳಿದರೆ ಇದೇ ಮಂಗಳವಾರ ಸಂಜೆ ನಾಲ್ಕು ಗಂಟೆಗೆ ಯಜಮಾನರು ತೀರ್ಮಾನಿಸುತ್ತಾರೆ ಎಂದು ಅದರಲ್ಲಿತ್ತು.

"ಜಂಕ್ಷನ್ ಊರೇ ಕೇಳ್ರೀ," ಎಂದಳು ಹೆಂಡತಿ. "ಆ ಜಂಕ್ಷನ್ನನ ಮನೆಯಾಕೆ ಮೊನ್ನೆ ಫೋನಲ್ಲಿ ಏನಂದ್ಲು ಗೊತ್ತಾ? 'ನಮ್ಮನೆಯವರು ವಾರಕ್ಕೆ ಆರು ದಿನ ಮನೇಲೇ ಊಟ ಮಾಡ್ತಾರೆ ಕಣ್ರೀ, ಅವರ ಮುಖ ನೋಡಿ ನೋಡಿ ಬೇಜಾರಾಗಿಹೋಗಿದೆ' ಅಂತ. ಬೇಜಾರಂತೆ! ನಂಗೂ ನಿಮ್ಮ ಮುಖ ನೋಡಿ ಬೇಜಾರಾಗೋ ಯೋಗ ಬೇಡ್ವಾ?"

"ಬೇಕು," ಎಂದ ಸೂಟ್‌ಕೇಸ್.

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಸ್ಟೇಷನ್ ಮಾಸ್ಟರು ಒಳಗೆ ಬಂದೇಬಿಟ್ಟರು. ಬಾಗಿಲು ತಟ್ಟುವ ಅಭ್ಯಾಸ ಅವರಿಗಿರಲಿಲ್ಲ. ಇಡೀ ವಿಷಯವನ್ನು ಮೆಟ್ಟಿಲ ಮೇಲೇ ನಿಂತು ಕೇಳಿಸಿಕೊಂಡಾಗಿತ್ತು.

"ಊರು ಆರಿಸೋವಾಗ ಗಾಳಿ ನೀರು ನೋಡಬಾರದು ಕಣಯ್ಯಾ, ಟೈಮ್‌ಟೇಬಲ್ ನೋಡಬೇಕು. ಎಲ್ಲಿ, ಒಂದು ದೊಡ್ಡ ಕಾಗದ ಕೊಡು."

ಯಾರೂ ಕೊಡುವ ಮೊದಲೇ ಗೋಡೆಯ ಕ್ಯಾಲೆಂಡರ್ ಕಿತ್ತು, ಬೆನ್ನಿಗೆ ತಿರುಗಿಸಿ, ಕೆಂಪು ಇಂಕಿನಲ್ಲಿ ಗೆರೆ ಎಳೆಯತೊಡಗಿದರು.

"ಅಯ್ಯೋ ಮಾಸ್ಟ್ರೇ, ಅದು ಈ ವರ್ಷದ್ದು!" ಎಂದು ಹೆಂಡತಿ ಬಡಕೊಂಡಳು.

"ಈ ವರ್ಷ ಇನ್ನೇನಿದೆಯಮ್ಮ, ಆರು ತಿಂಗಳು," ಎಂದು ಅವರು ಬರೆಯುತ್ತಲೇ ಹೋದರು. ನಡುವೆ ಒಂದು ಬೊಟ್ಟು, ಅದೇ ಜಂಕ್ಷನ್. ಅಲ್ಲಿಂದ ನಾಲ್ಕು ಕಡೆಗೆ ಗೆರೆ, ಗೆರೆಯ ಮೇಲೆ ಇರುವೆ ಸಾಲಿನ ಹಾಗೆ ರೈಲಿನ ಹೊತ್ತುಗಳು.

"ನನ್ನ ಪಾಲಿಗೆ ಬರೋದು ಎರಡೇ ದಿಕ್ಕು ಮಾಸ್ಟ್ರೇ. ಅಷ್ಟು ಬರೆದ್ರೆ ಸಾಕು. ಸಂಜೆ ಮನೆಗೆ ಬರೋ ಹಾಗಿರಬೇಕು, ನಂಗೆ ಬೇಕಾಗಿರೋದು ಅದೊಂದೇ."

"ಸುಮ್ನಿರಯ್ಯಾ. ನಲವತ್ತು ವರ್ಷ ಸರ್ವೀಸು ನಂದು. ಅರ್ಧಂಬರ್ಧ ಬರೆದ್ರೆ ಗಾಡಿ ಡಿಕ್ಕಿ ಹೊಡೀತವೆ."

ಬರೆದದ್ದೂ ಅಲ್ಲದೆ, ಅದನ್ನು ವಿವರಿಸಲು ತಾವೇ ಬರುತ್ತೇನೆಂದು ಹೊರಟರು. ಬಸ್ಸಿನಲ್ಲಿ ಕ್ಯಾಲೆಂಡರಿನ ತಲೆಯ ತಗಡುಪಟ್ಟಿ ಮುಂದೆ ಕೂತಿದ್ದ ಹೆಂಗಸು ಹೆಣೆಯುತ್ತಿದ್ದ ಸ್ವೆಟರಿಗೆ ಸಿಕ್ಕಿಕೊಂಡಿತು. ಮಾಸ್ಟರು ಎಳೆದಷ್ಟೂ ಉಲ್ಲನ್ ದಾರ ಬಿಚ್ಚಿಕೊಳ್ಳುತ್ತ ಬಂತು. ಬೈಗುಳ ತಿಂದು ಬಿಡಿಸಿಕೊಳ್ಳುವಷ್ಟರಲ್ಲಿ ಇಳಿಯುವ ಸ್ಟಾಪು ದಾಟಿ, ಬಿಸಿಲಲ್ಲಿ ಹಿಂದಕ್ಕೆ ನಡೆದು ಅವರು ಆಫೀಸು ಸೇರಿದಾಗ ಮೂರೂಮುಕ್ಕಾಲು.

"ಜಂಕ್ಷನ್ನೂ ಬಂದಿದಾನೆ ಕಣೋ," ಎಂದು ಟೈಪಿಸ್ಟ್ ಅಕ್ಕ ಪಿಸುಗುಟ್ಟಿದಳು. "ಅದೇ ಊರು ಬೇಕು ಅಂತ ಬರ್ಕೊಟ್ಟಿದಾನೆ. ಆಗಲೇ ಮೂರು ಸಲ ನೀರು ಕುಡಿದ. ಹೆದರಿ ಸತ್ತಿದಾನೆ, ಬಿಡಬೇಡ!"

ನಾಲ್ಕನೇ ಸಲ ನೀರಿಗೆ ಬಂದ ಜಂಕ್ಷನ್ ಎದುರಾದ. ಎರಡೂ ಕೈ ಹಿಡಿದುಕೊಂಡ.

"ಅಣ್ಣಾ, ಅದೊಂದು ಊರು ಬಿಟ್ಟು ಬೇರೆ ಯಾವುದಾದ್ರೂ ಕೇಳಣ್ಣಾ. ನನ್ನ ಮಗ ಇದಾನಲ್ಲ, ಸಂಜೆ ಆದ್ರೆ ಬಾಲ್ಕನೀಲಿ ನಿಂತು ನನ್ನೇ ಕಾಯ್ತಿರ್ತಾನೆ."

ಬೇರೆ ಏನು ಹೇಳಿದ್ದರೂ ಸೂಟ್‌ಕೇಸ್ ಕರಗುತ್ತಿದ್ದನೋ ಏನೋ. ಮೆತ್ತನೆಯ ಮನುಷ್ಯನೇ ಅವನು. ಆದರೆ ಮಗ ಕಾಯುತ್ತಾನಂತೆ! ತನ್ನ ಮಗಳು ತನ್ನನ್ನು ಅಂಕಲ್ ಅನ್ನುತ್ತಾಳೆ, ಇವನ ಮಗ ಇವನಿಗಾಗಿ ಕಾಯುತ್ತಾನೆ! ಮೈಯೆಲ್ಲ ಭಗ್ಗೆಂದಿತು. "ಒಳಗೆ ಮಾತಾಡೋಣ ಬಾ," ಎಂದು ಕೈ ಕೊಸರಿಕೊಂಡ.

ಯಜಮಾನರ ಮೇಜಿನ ಮೇಲೆ ಹಳೆಯ ಕಾಲದ ಎರಡು ತಟ್ಟೆಯ ತಕ್ಕಡಿ ಇರುತ್ತಿತ್ತು. ಕೈಗೆ ಸಿಕ್ಕಿದ್ದನ್ನು ತೂಗುವುದು ಅವರ ಚಟ. ಜಂಕ್ಷನ್ನನ ಅರ್ಧ ಹಾಳೆಯ ಅರ್ಜಿಯನ್ನು ಒಂದು ತಟ್ಟೆಗೂ, ಸೂಟ್‌ಕೇಸನ ಕ್ಯಾಲೆಂಡರನ್ನು ಸುರುಳಿ ಸುತ್ತಿ ಇನ್ನೊಂದಕ್ಕೂ ಇಟ್ಟರು. ತಗಡಿನ ಭಾರಕ್ಕೆ ತಟ್ಟೆ ಟಣ್ಣೆಂದು ಮೇಜಿಗೆ ಬಡಿಯಿತು. ಮಾಸ್ಟರು ಚಪ್ಪಾಳೆ ತಟ್ಟಿದರು.

"ಇದು ಯಾರು?" ಎಂದರು ಯಜಮಾನರು.

"ನಮ್ಮೆದುರುಮನೆಯವರು ಸಾರ್."

"ಕೂತ್ಕೊಳ್ಳಲಿ. ಜಂಕ್ಷನ್, ಮೊದಲು ನೀನು ಹೇಳು."

"ಸಾರ್, ಹನ್ನೊಂದು ವರ್ಷದಿಂದ ಅಲ್ಲೇ ಇದೀನಿ. ಎರಡು ದಿಕ್ಕು ತಿರುಗಿ, ಸಂಜೆ ಏಳಕ್ಕೆ ಹೇಗೋ ಮನೆ ಸೇರ್ಕೋತೀನಿ. ಅಷ್ಟಿದ್ರೆ ಸಾಕು ಸಾರ್."

ಸೂಟ್‌ಕೇಸ್ ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದವನು. ಸಂಜೆ ಏಳು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾಲಿಗೆ ಅವನ ಹಿಡಿತ ತಪ್ಪಿತು.

"ನೋಡಿ ಸಾರ್! ಹನ್ನೊಂದು ವರ್ಷದಿಂದ ನಟ್ಟನಡುವೆ ಕೂತ್ಕೊಂಡು ಎರಡೇ ದಿಕ್ಕು! ನಾನು ಅಲ್ಲಿದ್ದಿದ್ರೆ ನಾಲ್ಕು ದಿಕ್ಕನ್ನೂ ಒಬ್ಬನೇ ನೋಡ್ಕೋತಿದ್ದೆ!"

"ನೋಡ್ಕೋಬಹುದು ಸಾರ್!" ಎಂದು ಮಾಸ್ಟರು ಎದ್ದು ನಿಂತರು. "ಎಲ್ಲ ಕನೆಕ್ಷನ್ನೂ ಇದೆ. ನಾನೇ ಬರೆದಿದೀನಿ!"

ಯಜಮಾನರು ಕನ್ನಡಕ ಏರಿಸಿ, ಸುರುಳಿ ಬಿಚ್ಚಿ, ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿದರು.

"ಜಂಕ್ಷನ್, ನಾಲ್ಕೂ ದಿಕ್ಕು ನಿನ್ನ ಕೈಲಾಗುತ್ತಾ?"

"ಇಲ್ಲ ಸಾರ್," ಎಂದ ಜಂಕ್ಷನ್. ಕಣ್ಣು ತುಂಬಿ ಬಂದಿತ್ತು.

"ಹಾಗಾದ್ರೆ ಊರು ಸೂಟ್‌ಕೇಸನಿಗೆ."

ಆಹಾ! ಜಂಕ್ಷನ್ನನ ಇಳಿದ ಮುಖ ನೋಡಿ ಸೂಟ್‌ಕೇಸನಿಗೆ ಎಷ್ಟೋ ವರ್ಷದ ಉರಿಗೆ ಮಂಜುಗಡ್ಡೆ ಇಟ್ಟಂತಾಯಿತು. ಪಾಪ ಅನ್ನಿಸಿತು, ನಿಜ. ಆದರೆ ಖುಷಿಯೇ ಜಾಸ್ತಿ.

"ನಾಲ್ಕೂ ದಿಕ್ಕು ಇನ್ಮೇಲೆ ನಿಂದೇ," ಎಂದು ಯಜಮಾನರು ಮುಂದುವರಿಸಿದರು. "ಇಷ್ಟು ವರ್ಷ ಒಬ್ಬನ ಕೆಲಸಕ್ಕೆ ಇಬ್ಬರನ್ನ ಓಡಾಡಿಸಿದೀನಿ ನೋಡು, ನಂಗೆ ಹೊಳೀಲೇ ಇಲ್ಲ. ಜಂಕ್ಷನ್, ನೀನು ಇಲ್ಲೇ ಬಂದು ಆಫೀಸಲ್ಲಿ ರಿಪೇರಿ ವಿಭಾಗ ನೋಡ್ಕೋ. ಹತ್ತರಿಂದ ಐದು. ಮನೆಗೇನು, ಸೂಟ್‌ಕೇಸನದು ಖಾಲಿಯಾಗುತ್ತಲ್ಲ."

ಸೂಟ್‌ಕೇಸ್ ಮೇಜಿನ ಮೇಲಿದ್ದ ಕ್ಯಾಲೆಂಡರಿಗೆ ಕೈಹಾಕಿದ. "ಸಾರ್, ನಾಲ್ಕು ಅಂದಿದ್ದು... ಅದು ಸುಮ್ನೆ ಬಾಯಿಮಾತಿಗೆ..."

"ಬಾಯಿಮಾತಲ್ಲಪ್ಪ, ಬರೆದು ಕೊಟ್ಟಿದೀಯ. ಅದೂ ಕೆಂಪು ಇಂಕಲ್ಲಿ."

ಐದೂಕಾಲಿಗೆ ಮೂವರೂ ಸೂಟ್‌ಕೇಸನ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಜಂಕ್ಷನ್ ಮನೆ ನೋಡಲು ಬಂದಿದ್ದ. ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡದ್ದೇ ಒರೆಸಿಕೊಂಡದ್ದು.

"ಅಲ್ಲಿ ಏಳಕ್ಕೆ ಸೇರ್ತಿದ್ದೆ ಅಣ್ಣಾ, ಇಲ್ಲಿ ಐದೂಕಾಲಿಗೇ ಮನೆ! ಒಡಹುಟ್ಟಿದವರೂ ಇಷ್ಟು ಮಾಡಲ್ಲ. ನಿನ್ನ ಋಣ ಹೇಗೆ ತೀರಿಸ್ಲಿ?"

ಸೂಟ್‌ಕೇಸ್ ಹಲ್ಲು ಕಚ್ಚಿಕೊಂಡು ಮೆಟ್ಟಿಲು ಎಣಿಸುತ್ತಿದ್ದ. ಬಾಗಿಲಲ್ಲೇ ಕಾದಿದ್ದ ಹೆಂಡತಿಯ ಮುಖ ಅರಳಿತು.

"ಊರು ಸಿಕ್ತಂತೆ! ಟೈಪಿಸ್ಟ್ ಅಕ್ಕ ಫೋನ್ ಮಾಡಿದ್ಲು. ಇನ್ಮೇಲೆ ದಿನಾ ಮನೇಗೆ ಬರ್ತೀರ ಅಲ್ವಾ?"

ಗಂಡ ಬಾಯಿ ತೆರೆಯುವ ಮೊದಲೇ ಮಾಸ್ಟರು ಮುಂದೆ ಬಂದರು.

"ದಿನಾ ಏನಮ್ಮ, ದಿನಕ್ಕೆ ಎರಡು ಸಲ ಆ ಊರಿಗೆ ಬರ್ತಾನೆ! ಒಂದು ಗಾಡಿ ಇಳಿದು ಇನ್ನೊಂದು ಹತ್ತೋಕೆ ಮಧ್ಯೆ ಹನ್ನೆರಡು ನಿಮಿಷ. ಗುರುವಾರ ಮಾತ್ರ ಭರ್ತಿ ಮೂವತ್ತೈದು. ಅವತ್ತು ಮನೆವರೆಗೂ ಬಂದು ಹೋಗಬಹುದು."

ಹೆಂಡತಿ ಒಮ್ಮೆ ಮಾಸ್ಟರನ್ನೂ, ಒಮ್ಮೆ ಜಂಕ್ಷನ್ನನನ್ನೂ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನ ಕಡೆ ತಿರುಗಿದಳು.

"ಹೋಗೋದು ಬರೋದು ಕಳೆದ್ರೆ ಇಪ್ಪತ್ತು ನಿಮಿಷ. ಸ್ನಾನ, ಊಟ, ಮಗಳು, ಈ ಮೂರರಲ್ಲಿ ನಿಮಗೆ ಯಾವುದು ಬೇಕು ಅಂತ ಈಗಲೇ ಹೇಳಿಬಿಡಿ. ಗುರುವಾರ ಅದೊಂದನ್ನೇ ರೆಡಿ ಮಾಡಿಟ್ಟಿರ್ತೀನಿ."