ಡೀಸೆಲ್ ಎಲ್ಲಿ ಸಿಕ್ಕಿಕೊಂಡಿದೆ?

ನವಲಗುಂದದಲ್ಲಿ ನಾನು ಡೀಸೆಲ್ ಗಾಡಿ ರಿಪೇರಿ ಮಾಡುತ್ತೇನೆ. ಬರುವ ಗಿರಾಕಿಗಳೆಲ್ಲ ರೋಗ ಯಾವುದು, ಔಷಧ ಯಾವುದು ಎಂದು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬರುತ್ತಾರೆ. ನನಗೆ ಉಳಿಯುವುದು ಪಾನಾ ಹಿಡಿಯುವ ಕೆಲಸ ಮಾತ್ರ. ವಾರಕ್ಕೊಂದಾದರೂ ಇಂಥ ಫಜೀತಿ ಆಗದಿದ್ದರೆ ಊರಿನ ಮಂದಿಗೆ ಏನೋ ಜಡ್ಡು ಬಂದಿರಬೇಕು ಎಂದು ನನಗೇ ಚಿಂತೆಯಾಗುತ್ತದೆ.

ಫುಲ್ ಟಾಕಿ

ಹೊಸದಾಗಿ ಹಳೇ ಟ್ರ್ಯಾಕ್ಟರ್ ಕೊಂಡ ರೈತನೊಬ್ಬ ಹೊಲದಿಂದ ಫೋನ್ ಮಾಡಿದ. "ಟ್ರ್ಯಾಕ್ಟರ್ ನಿಂತೈತ್ರಿ, ಚಾಲೂನ ಆಗವಲ್ದು."

"ಡೀಸೆಲ್ ಐತೇನ್ರಿ?"

"ಅಗದಿ ಟಾಕಿ ಫುಲ್ ಐತ್ರಿ. ಪಂಪ್ ಹೋಗೈತಿ, ಪಂಪ್ ತಗೊಂಡ ಬರ್ರಿ."

ಎರೆಹೊಲದ ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಹೋದೆ. ಟಾಕಿಯ ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟರೆ ಕಡ್ಡಿ ಒಣಗಿದ್ದು ಒಣಗಿದಂತೆಯೇ ಮೇಲೆ ಬಂತು. ಮುಂದಿನ ಡೀಸೆಲ್ ಕಾಟಾದ ಮುಳ್ಳು ಮಾತ್ರ ಫುಲ್ ತೋರಿಸುತ್ತ ಕೂತಿತ್ತು.

"ಈ ಕಾಟಾ ಯಾವಾಗಿಂದ ಹಿಂಗ ಐತಿ?" ಎಂದೆ.

"ತಗೊಂಡಾಗಿಂದ ಒಂದ್ ಗೆರಿ ಕೆಳಗ ಇಳದಿಲ್ರಿ!" ಎಂದು ಮೀಸೆ ತಿರುವಿದ. "ಊರಾಗ ಎಲ್ಲಾರಿಗೂ ಹೇಳೇನ್ರಿ, ಇಂಥಾ ಮೈಲೇಜ್ ಯಾವ ಟ್ರ್ಯಾಕ್ಟರಿಗೂ ಇಲ್ಲ ಅಂತ."

ಮಿರ್ಚಿ ಎಣ್ಣಿ

ಸಾಮಾನು ಹೊರುವ ಗಾಡಿಯವನೊಬ್ಬ ಜಗ್ಗುತ್ತ, ಕೆಮ್ಮುತ್ತ ಬಂದ. ಕೆಮ್ಮುತ್ತಿದ್ದದ್ದು ಗಾಡಿ. ಸೈಲೆನ್ಸರಿನಿಂದ ಬರುವ ಹೊಗೆ ಮೂಗಿಗೆ ಬಡಿದಾಗ ಸಿಟ್ಟು ಬರುವ ಬದಲು ಹಸಿವಾಯಿತು. ಫಿಲ್ಟರ್ ಬಿಚ್ಚಿದರೆ ತಳದಲ್ಲಿ ಓಂಕಾಳು, ಕಡಲೆಹಿಟ್ಟಿನ ಚೂರು, ಒಂದು ಮೆಣಸಿನಕಾಯಿ ತೊಟ್ಟು.

"ಟಾಕ್ಯಾಗ ಏನ್ ಹಾಕೀಲೇ?"

"ಡೀಸೆಲ್ರಿ."

"ಮತ್ತ?"

ತಲೆ ಕೆರೆದುಕೊಂಡ. "ನಮ್ಮ ಮಾವನ ಅಂಗಡ್ಯಾಗ ಮಿರ್ಚಿ ಕರಿದ ಎಣ್ಣಿ ಉಳಿದಿತ್ರಿ. ಫೋನಿನ್ಯಾಗ ಒಬ್ಬಾಂವ ಎಣ್ಣಿ ಹಾಕಿ ಗಾಡಿ ಓಡಸಾಕತ್ತಿದ್ದ, ನಾನೂ ಹಾಕಿದೆ."

"ಅದರಾಗ ಗಾಡಿ ಓಡತೈತೇನು?"

ಅವನಿಗೇ ಸಿಟ್ಟು ಬಂತು. "ಅದ ಎಣ್ಣ್ಯಾಗ ನಮ್ಮ ಮಾವ ವಾರಗಟ್ಲೆ ಮಿರ್ಚಿ ಕರೀತಾನ್ರಿ. ಊರ ಮಂದೆಲ್ಲಾ ತಿಂತಾರ, ಯಾರಿಗೂ ಏನೂ ಆಗಿಲ್ಲ. ಈ ಗಾಡಿಗಷ್ಟ ಏನ್ ಸೊಕ್ಕು?"

ದಿನಾ ಸಂಜೆ ಅದೇ ಅಂಗಡಿಯಲ್ಲಿ ನಿಂತು ತಿನ್ನುವವನು ನಾನು. ಗಾಡಿಗಾದರೂ ಒಂದು ಫಿಲ್ಟರ್ ಇದೆ.

ಕನ್ಯಾ ನೋಡಲು ಹೊರಟ ಜೀಪು

ಹತ್ತಿ ಬಿಡಿಸುವ ಹೆಂಗಸರನ್ನು ಹೊಲಕ್ಕೆ ಒಯ್ಯುವ ಜೀಪಿನವನೊಬ್ಬ ನನ್ನ ಖಾಯಂ ಗಿರಾಕಿ. ಮನೆಯಲ್ಲಿ ಅವನು, ಅವನ ತಾಯಿ, ಇಬ್ಬರೇ. ಕನ್ಯಾ ಹುಡುಕಿ ಹುಡುಕಿ ದಲ್ಲಾಳಿಗಳೇ ಸೋತ ಮೇಲೆ ಗುಡಗೇರಿಯ ಒಂದು ಮನೆಯವರು "ಬಂದು ನೋಡ್ರಿ" ಅಂದರು. ಇವನು ಎರಡು ಸಲ ಹೊರಟ. ಎರಡು ಸಲವೂ ಅರ್ಧ ದಾರಿಯಲ್ಲಿ ಜೀಪು ನಿಂತು, ಒಳ್ಳೆಯ ವೇಳೆ ಮೀರಿ, ಹೊರಳಿ ಮನೆಗೆ ಬಂದ. ಹುಡುಗಿಯ ಅಪ್ಪ ಫೋನ್ ಮಾಡಿ, "ಈ ಸೋಮವಾರ ಬರ್ಲಿಲ್ಲಂದ್ರ ಬ್ಯಾರೆ ಕಡೆ ಮಾತಾಡ್ತೀವ್ರಿ" ಎಂದುಬಿಟ್ಟ.

"ಬಸ್ಸಿಗೆ ಹೋಗೋ ಮಾರಾಯಾ" ಎಂದೆ. ತಾಯಿ ಕೇಳಲಿಲ್ಲ. "ಸ್ವಂತ ಗಾಡಿ ಐತಿ ಅಂತ ಹೇಳೇವಿ. ಬಸ್ಸಿನ್ಯಾಗಿಂದ ಇಳದ್ರ ಮಾನ ಉಳೀತೈತೇನು?"

ನನ್ನ ಗ್ಯಾರೇಜಿನಲ್ಲಿ ಆ ಜೀಪು ಕುದುರೆಯಂತೆ ಓಡುತ್ತಿತ್ತು. ಫಿಲ್ಟರ್ ಬದಲಿಸಿದೆ, ಪೈಪ್ ಊದಿದೆ, ಎಲ್ಲ ಮಾಡಿದೆ. ರೋಗ ಸಿಗಲಿಲ್ಲ. ಕೊನೆಗೆ ಸೋಮವಾರ ಅವನು ನನ್ನನ್ನೇ ಜೀಪಿನಲ್ಲಿ ಹೇರಿಕೊಂಡು ಹೊರಟ. ಹಿಂದೆ ತಾಯಿ, ಮಡಿಲಲ್ಲಿ ಪೂಜೆಯ ಚೀಲ.

ಅಣ್ಣಿಗೇರಿ ದಾಟಿ ಸ್ವಲ್ಪ ದೂರ ಹೋಗಿತ್ತೋ ಇಲ್ಲವೋ, ಜೀಪು ಎರಡು ಸಲ ಬಿಕ್ಕಿ ಸುಮ್ಮನಾಯಿತು. ಹುಡುಗನ ಮುಖ ನೋಡಲಾಗಲಿಲ್ಲ, ಪಾಪ. ತಾಯಿ ಮಾತ್ರ, "ಯಾರದೋ ಕಣ್ಣು ಬಿದ್ದೈತಿ" ಎನ್ನುತ್ತ ವಿಭೂತಿ, ಕುಂಕುಮ, ಎಣ್ಣೆ ಕಲಸತೊಡಗಿದಳು.

ನಾನು ಕೈಪಂಪು ಒತ್ತಿದೆ. ಡೀಸೆಲ್ ಬರಲಿಲ್ಲ. ಟಾಕಿಯ ಮುಚ್ಚಳ ತಿರುವಿದೆ, "ಸುಸ್ಸ್" ಎಂದು ಗಾಳಿ ಒಳಗೆ ನುಗ್ಗಿತು. ಆಗ ಗೊತ್ತಾಯಿತು. ಡೀಸೆಲ್ ಹೊರಗೆ ಹೋದಷ್ಟೂ ಟಾಕಿಯೊಳಗೆ ಗಾಳಿ ಬರಬೇಕು. ಅದಕ್ಕೇ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ. ಈ ಮುಚ್ಚಳದ ಮೇಲೆ ಬೆರಳು ದಪ್ಪ ವಿಭೂತಿ-ಕುಂಕುಮದ ಗಿಲಾವು, ತೂತು ಪೂರಾ ಬಂದ್. ಹೊಲದ ಹತ್ತಿರದ ಓಡಾಟಕ್ಕೆ ಹೇಗೋ ನಡೆಯುತ್ತಿತ್ತು, ದೂರ ಹೋದರೆ ಡೀಸೆಲ್ ನಿಂತುಬಿಡುತ್ತಿತ್ತು. ಗ್ಯಾರೇಜಿನಲ್ಲಿ ನಾನು ಮೊದಲು ತೆಗೆಯುವುದೇ ಮುಚ್ಚಳ. ತೆಗೆದ ಕೂಡಲೇ ಗಾಳಿ ಒಳಗೆ ಹೋಗಿ ರೋಗ ಮಾಯ!

"ಯವ್ವಾ, ಮುಚ್ಚಳಕ್ಕ ಯಾಕ ಇಷ್ಟು ಬಡದೀ?"

"ಗಾಡಿ ಉಣ್ಣೂ ಬಾಯಿ ಅದ ಅಲ್ಲೇನು? ಪ್ರತಿ ಅಮಾಸಿಗೆ ಹಚ್ಚತೀನಿ. ಹೋದಸಲ ನಿಂತ ಮ್ಯಾಲೆ ಇನ್ನಷ್ಟು ಹಚ್ಚೀನಿ."

ಸ್ಕ್ರೂಡ್ರೈವರ್ ತೆಗೆದು ಕೆರೆಯಲು ಹೋದರೆ ಗಟ್ಟಿಯಾಗಿ ಕೈ ಹಿಡಿದಳು. "ದೇವರ ವಿಭೂತಿ ಕೆರೀತೀಯಾ? ನನ್ನ ಮಗನ ಮದುವಿ ಆಗಬ್ಯಾಡೇನು?"

"ನಿನ್ನ ಮಗಗ ವಿಭೂತಿ ಹಣಿಗೆ ಹಚ್ಚತೀಯೋ, ಮೂಗಿನ ತೂತಿನ್ಯಾಗ ತುಂಬತೀಯೋ?"

ತಾಯಿ ಬಹಳ ಹೊತ್ತು ಮಗನ ಮೂಗು ನೋಡಿದಳು. ಆಮೇಲೆ ಕೈ ಬಿಟ್ಟು, ಕುಪ್ಪಸದ ಪಿನ್ನು ತೆಗೆದು ಕೊಟ್ಟಳು. ನಾನು ಕೆರೆದದ್ದನ್ನೆಲ್ಲ ಸೆರಗಿನಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು.

ವೇಳೆ ಮೀರುವ ಮುಂಚೆ ಗುಡಗೇರಿ ಮುಟ್ಟಿದೆವು. ಅವಲಕ್ಕಿ, ಚಹಾ ಬಂತು. ಹುಡುಗಿಯ ಅಪ್ಪ ನೇರ ಕೇಳಿದ: "ಎರಡು ಸಲ ಯಾಕ ಬರ್ಲಿಲ್ರಿ?"

ಯಾರೋ ಬೀಗರು ತೀರಿಕೊಂಡರು ಎಂದು ಹೇಳಬೇಕೆಂದು ತಾಯಿ ದಾರಿಯುದ್ದಕ್ಕೂ ಕಲಿಸಿದ್ದಳು. ಹುಡುಗ ಹುಡುಗಿಯ ಮುಖ ನೋಡಿದವನೇ ಪಾಠ ಮರೆತು ವಿಭೂತಿ, ಮುಚ್ಚಳ, ತೂತು, ಮೂಗು ಎಲ್ಲ ಒದರಿಬಿಟ್ಟ. ಮುಗಿಯಿತು ಈ ಸಂಬಂಧ ಎಂದು ನಾನು ಚಹಾ ಬೇಗ ಕುಡಿದೆ.

ಹುಡುಗಿ ನನ್ನತ್ತ ತಿರುಗಿದಳು. "ಈಗ ತೂತು ಪೂರಾ ಬಿಚ್ಚೀರಿಲ್ರಿ?"

"ಬಿಚ್ಚೀನವ್ವ."

"ಹಂಗಾರ ಇನ್ನ ಮ್ಯಾಲೆ ಗಾಡಿ ಪೂಜಾ ನಾ ಮಾಡ್ತೀನಿ. ಅತ್ತಿಯವರು ಆರಾಮ ಕುಂಡರ್ಲಿ."

ಎಲ್ಲರೂ ನಕ್ಕರು. ಸಂಬಂಧ ಕೂಡಿತೆಂದು ಅಪ್ಪ ಎದ್ದು ನಮ್ಮ ಕೈಗೆಲ್ಲ ಸಕ್ಕರೆ ಹಾಕಿದ. ಹೊರಳಿ ಬರುವಾಗ ಹುಡುಗ ಹಾಡುತ್ತ ಓಡಿಸಿದ. ಜೀಪು ಎಲ್ಲೂ ನಿಲ್ಲಲಿಲ್ಲ. ತಾಯಿ ಮಾತ್ರ ದಾರಿಯುದ್ದಕ್ಕೂ ಪೂಜೆಯ ಚೀಲದ ಬಾಯಿ ಬಿಚ್ಚುತ್ತ ಕಟ್ಟುತ್ತ ಕೂತಿದ್ದಳು. ನವಲಗುಂದದ ಗುಡ್ಡ ಕಂಡ ಮೇಲೆ ಮುಂದೆ ಬಗ್ಗಿ, ಮಗನಿಗೆ ಕೇಳದಂತೆ ನನ್ನ ಕಿವಿಯಲ್ಲಿ ಅಂದಳು:

"ತಮ್ಮಾ, ಆ ತೂತು ಮತ್ತ ಮುಚ್ಚಾಕ ಬರತೈತೇನೋ?"